ಸಾಕ್ಷಿದಾರರ ಜೊತೆ ಕೋರ್ಟಿಗೆ ಹೋಗುವಾಗ

ಸಮನ್ಸ್ ಕೈಗೆ ಬಂತು ಅಂದರೆ ಎಷ್ಟೋ ಜನರಿಗೆ ನಿದ್ದೆ ಹತ್ತುವುದಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಸ್ವಯಂಸೇವಕಿಯಾಗಿ ನಾನು ಅವರನ್ನು ಮೊದಲೇ ಒಮ್ಮೆ ಕರೆದುಕೊಂಡು ಹೋಗಿ ಖಾಲಿ ಕಟಕಟೆ ತೋರಿಸುತ್ತೇನೆ. ಜಡ್ಜ್ ಎಲ್ಲಿ ಕೂರುತ್ತಾರೆ, ಆರೋಪಿ ಎಲ್ಲಿರುತ್ತಾನೆ ಅಂತ ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ.

ಜಾಸ್ತಿ ಹೆದರಿಸುವುದು ಪಾಟೀ ಸವಾಲು, ಅಂದರೆ ಎದುರು ವಕೀಲರು ಕೇಳುವ ಪ್ರಶ್ನೆಗಳು. ಉತ್ತರ ಹೇಳಿಕೊಡಲೇಬೇಡಿ, ಕೇಸೇ ಕೆಡುತ್ತದೆ. ‘ಪ್ರಶ್ನೆ ಅರ್ಥವಾಗಲಿಲ್ಲ’, ‘ನೆನಪಿಲ್ಲ’ ಅನ್ನಬಹುದು ಅಂತ ತಿಳಿಸಿ, ಸಾಕು. ಕೊನೆಗೆ ಎದುರು ವಕೀಲರು ‘ನೀವು ಸುಳ್ಳು ಹೇಳ್ತಿದ್ದೀರಿ’ ಅಂತಾರೆ. ಅದು ಅವರ ಮಾಮೂಲಿ ಪ್ರಶ್ನೆ. ನಿಜ ಹೇಳಿದವರು ಸಿಟ್ಟಾಗದೆ ‘ಸರಿಯಲ್ಲ’ ಅಂದರೆ ಆಯಿತು. ಸಾಕ್ಷಿಯ ಹೇಳಿಕೆಯಲ್ಲಿ ‘ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ’ ಅಂತ ಟೈಪ್ ಆಗುತ್ತದೆ.

ಬೆದರಿಕೆ ಬಂದರೆ ಸುಮ್ನೆ ಇರಬೇಡಿ. ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ ಹಾಕಿ; ಜಿಲ್ಲಾ ನ್ಯಾಯಾಧೀಶರ ಸಮಿತಿ ಅದನ್ನು ನೋಡುತ್ತದೆ. ಸಂತ್ರಸ್ತರು ಪರಿಹಾರ ಕೇಳಬೇಕಾದ್ದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಫೋನ್ 15100.

ಬಸ್ ಟಿಕೆಟ್ ಎಸೆಯಬೇಡಿ, ಸಾಕ್ಷಿ ಭತ್ಯೆ ಕೇಳಿ. ಬುತ್ತಿ ಕಟ್ಟಿಕೊಂಡು ಹೋಗಿ, ಕರೆಯುವುದು ಸಂಜೆಯೂ ಆಗಬಹುದು. ಕೇಸು ಮುಂದೆ ಹೋದರೆ ಹೊಸ ತಾರೀಕು ಬರೆದುಕೊಂಡೇ ಹೊರಡಿ.