ಬಿಳಿ ಮಾಸ್ಟರ್‌ಬ್ಯಾಚ್ ತಗೊಳ್ಳುವಾಗ ನಾನು ನೋಡುವುದೇನು?

ಬೈಕಂಪಾಡಿಯಲ್ಲಿ ನಮ್ಮದು ಚಿಕ್ಕ ಮೋಲ್ಡಿಂಗ್ ಘಟಕ. ಐಸ್‌ಕ್ರೀಮ್ ಡಬ್ಬಿ ಮಾಡುತ್ತೇವೆ, ಮಲ್ಪೆಯ ಮೀನಿನವರಿಗೆ ಕ್ರೇಟೂ ಮಾಡುತ್ತೇವೆ. ಡಬ್ಬಿಗೆ ಪಿಪಿ ಪ್ಲಾಸ್ಟಿಕ್ (ಪಾಲಿಪ್ರೊಪಿಲೀನ್), ಕ್ರೇಟಿಗೆ ಎಚ್‌ಡಿಪಿಇ (ಒಂದು ಜಾತಿಯ ಪಾಲಿಥೀನ್). ಎರಡೂ ಬಿಳಿಯೇ. ಆದರೆ ಮಾಸ್ಟರ್‌ಬ್ಯಾಚ್, ಅಂದರೆ ಪ್ಲಾಸ್ಟಿಕ್ಕಿಗೆ ಬೆರೆಸುವ ಗಾಢ ಬಣ್ಣದ ಕಾಳು, ಬೇರೆ ಬೇರೆ.

ಮಾರುವವರು ಮೊದಲು ಕಿಲೋ ರೇಟು ಹೇಳುತ್ತಾರೆ. ನಾನು ಅದರಲ್ಲಿ ಬಿಳಿ ಬಣ್ಣದ ಪುಡಿ, ಅಂದರೆ ಟೈಟಾನಿಯಂ ಡೈಆಕ್ಸೈಡ್ ಎಷ್ಟಿದೆ ಅಂತ ಕೇಳುತ್ತೇನೆ. ಒಳಗಿನದು ಕಾಣದಂತೆ ಮಾಡುವುದು ಅದೇ. ಶೇ. 70 ಇರುವ ಮಾಲು ಶೇ. 2 ಹಾಕಿದರೆ ಡಬ್ಬಿಗೆ ಶೇ. 1.4 ಸೇರುತ್ತದೆ. ಶೇ. 40ರ ಮಾಲಾದರೆ ಅಷ್ಟಕ್ಕೇ ಶೇ. 3.5 ಸುರಿಯಬೇಕು. ಡಬ್ಬಿ ಲೆಕ್ಕಕ್ಕೆ ಬಂದರೆ ಅಗ್ಗದ್ದೇ ಎಷ್ಟೋ ಸಲ ದುಬಾರಿ.

ಅಗ್ಗದ್ದರಲ್ಲಿ ಉಳಿದ ಜಾಗ ತುಂಬುವುದು ಹೆಚ್ಚಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ಪುಡಿ. ಇದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಅನ್ನುವ ಅಳತೆ) ಸುಮಾರು 1.6, ಪ್ಲಾಸ್ಟಿಕ್ಕಿನದು 1.5. ಅಂತರ ಕಡಿಮೆ, ಹಾಗಾಗಿ ಬೆಳಕು ಚದುರಿಸಿ ಒಳಗಿನದನ್ನು ಮುಚ್ಚುವುದೂ ಕಡಿಮೆ. ರೂಟೈಲ್ ಜಾತಿಯ ಟೈಟಾನಿಯಂದು 2.7. ಅನುಮಾನ ಬಂದರೆ ಲ್ಯಾಬಿನ ಕುಲುಮೆಯಲ್ಲಿ 600 ಡಿಗ್ರಿಯಲ್ಲಿ ಸುಡಿಸಿ, ಉಳಿದ ಬೂದಿಗೆ ಒಂದೆರಡು ಹನಿ ಆ್ಯಸಿಡ್ ಬಿಡಿಸುತ್ತೇನೆ. ಬುರುಬುರು ನೊರೆ ಬಂತಾ, ಸುಣ್ಣದ ಕಲ್ಲಿನ ಪುಡಿ ಇದೆ ಅಂತಲೇ. ಟೈಟಾನಿಯಂ ಸುಮ್ನೆ ಇರುತ್ತದೆ.

ಮಾರುವವರು ತೋರಿಸುವ ಸ್ಯಾಂಪಲ್ ಚಿಪ್ (ಬಣ್ಣ ತೋರಿಸುವ ಪ್ಲಾಸ್ಟಿಕ್ ಬಿಲ್ಲೆ) ನೋಡಿ ಒಪ್ಪುವುದಿಲ್ಲ. ಚಿಪ್ ದಪ್ಪ, ನನ್ನ ಡಬ್ಬಿಯ ಗೋಡೆ ತೆಳು. ನಮ್ಮದೇ ಅಚ್ಚಿನಲ್ಲಿ ಹೊಡೆದು, ಒಳಗೆ ಅಚ್ಚಾದ ಕಾಗದ ಇಟ್ಟು, ಅಕ್ಷರ ಕಾಣುತ್ತದಾ ನೋಡುತ್ತೇನೆ. ಕೆಲವರು ಆಪ್ಟಿಕಲ್ ಬ್ರೈಟ್ನರ್ ಸೇರಿಸಿ ನೀಲಿ ಹೊಳಪು ತರಿಸುತ್ತಾರೆ. ಕಣ್ಣಿಗೆ ಚೆಂದ, ಆದರೆ ಮುಚ್ಚುವ ಶಕ್ತಿ ಅದರಿಂದ ಜಾಸ್ತಿ ಆಗುವುದಿಲ್ಲ.

ಕ್ರೇಟು ಬಂದರಿನ ಬಿಸಿಲಲ್ಲೇ ಬಿದ್ದಿರುತ್ತದೆ ಅಲ್ವಾ? ಅದಕ್ಕೆ ಮೇಲ್ಲೇಪ ಕೊಟ್ಟ ರೂಟೈಲೇ ಬೇಕು, ಜೊತೆಗೆ ಬಿಸಿಲಿನ ಏಟು ತಡೆಯುವ ಯುವಿ ಸ್ಟೆಬಿಲೈಸರ್. ಅನಾಟೇಸ್ ಜಾತಿಯದಾದರೆ ಬಿಸಿಲಿಗೆ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ಮುಟ್ಟಿದರೆ ಕೈಗೆ ಬಿಳಿ ಪುಡಿ.

ಕ್ಯಾರಿಯರ್ ರಾಳ, ಅಂದರೆ ಬಣ್ಣದ ಪುಡಿಯನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಯಾವುದು ಅಂತಲೂ ಕೇಳಿ. ಪಿಪಿಗೆ ಪಿಪಿಯದೇ ಒಳ್ಳೆಯದು, ಅದೂ ಸಲೀಸಾಗಿ ಹರಿಯುವಂಥದ್ದು. ಇಲ್ಲದಿದ್ದರೆ ಬಣ್ಣ ಪಟ್ಟೆಪಟ್ಟೆ.

ಇನ್ನು ನಮ್ಮೂರ ಮಳೆಗಾಲ. ತೆರೆದಿಟ್ಟ ಚೀಲ ತೇವ ಎಳೆದುಕೊಂಡರೆ ಮಾಲಿನ ಮೇಲೆ ಬೆಳ್ಳಿ ಗೀರು ಬೀಳುತ್ತದೆ. ಜೂನ್ ಬಂತೆಂದರೆ ಚಿಕ್ಕ ಚೀಲ ತರಿಸುತ್ತೇನೆ, ಹಾಪರ್ ಡ್ರೈಯರಿನಲ್ಲಿ 80 ಡಿಗ್ರಿಗೆ ಒಣಗಿಸಿಯೇ ಹಾಕುತ್ತೇನೆ.

ಡಬ್ಬಿಯ ಮಾಲಿಗೆ ಇನ್ನೊಂದು ಕಾಗದ ಬೇಕು. ತಿನ್ನುವ ಪದಾರ್ಥಕ್ಕೆ ತಾಗುವ ಬಣ್ಣಕ್ಕೆ ಐಎಸ್ 9833 ಮಾನದಂಡ ಇದೆ. ಆ ಪ್ರಮಾಣಪತ್ರ ಕೈಗೆ ಬರುವವರೆಗೆ ಆರ್ಡರ್ ಕೊಡುವುದಿಲ್ಲ.