ಕಸಕ್ಕೆ ಕಡ್ಡಿ ಗೀರುವ ಮುಂಚೆ

ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ಕಲಬುರಗಿಯಲ್ಲಿ ಬೇವಿನ ಎಲೆ ಉದುರೋಕೆ ಶುರು. ಬೆಳಿಗ್ಗೆ ಅಂಗಳ ಗುಡಿಸಿ, ಒಳಗೆ ಬಂದು ಒಂದು ಕಪ್ ಚಹಾ ಕುಡಿದು ಹೊರಗೆ ನೋಡಿದರೆ ಮತ್ತೆ ಅಷ್ಟೇ ಎಲೆ. ಮೂರು ದಿನ ಗುಡಿಸಿ ಮೂಲೆಗೆ ಒಟ್ಟಿದರೆ ಮೊಣಕಾಲೆತ್ತರದ ಗುಡ್ಡೆ. ನಾಲ್ಕನೇ ದಿನ ಕೈ ತಾನಾಗೇ ಬೆಂಕಿಪೊಟ್ಟಣ ಹುಡುಕುತ್ತದೆ.

ನಾನೂ ಹಚ್ಚಿದವನೇ. ಎರಡು ವರ್ಷದ ಹಿಂದೆ, ಕಸದ ಗಾಡಿ ಬಂದಾಗ ಮಲಗಿದ್ದೆ, ಮಾರನೇ ದಿನವೂ ಮಲಗಿದ್ದೆ, ಕೊನೆಗೆ ಎಲೆ ಗುಡ್ಡೆ ಮೇಲೆ ಹಾಲಿನ ಕವರು, ಹಳೆ ಪೇಪರು ಎಲ್ಲ ಸುರಿದು ಕಡ್ಡಿ ಗೀರಿದೆ. ಗಾಳಿ ಬಂತು. ಒಂದು ಉರಿಯುವ ಎಲೆ ಎದ್ದು, ಗೋಡೆ ದಾಟಿ, ಪಕ್ಕದ ಮನೆಯ ಕಿಟಕಿಗಿದ್ದ ಕೂಲರ್ ಮೇಲೆ ಕೂತಿತು. ಹೋದ ವರ್ಷದ ಹುಲ್ಲು, ಒಣಗಿ ಗರಿಗರಿ ಆಗಿತ್ತು. ಬುಸ್ ಅಂದಿತು. ಆ ಮನೆಯ ಅಕ್ಕಾವರು ಬಿಂದಿಗೆ ನೀರು ಸುರಿದು ಆರಿಸಿ, ನನ್ನ ಕಡೆ ತಿರುಗಿ ಅಂದರು: "ಏನ್ರೀ ಅಣ್ಣಾರ, ಬ್ಯಾಸಿಗಿ ಶುರುವಾಗೋಕಿಂತ ಮೊದ್ಲೇ ನಮ್ ಕೂಲರ್ ಸುಟ್ರಲ್ರೀ!" ಹೊಸ ಹುಲ್ಲು ಹಾಕಿಸಿಕೊಟ್ಟೆ. ಆಮೇಲೆ ಕೂತು ನಿಯಮ ಓದಿದೆ.

ನಿಯಮ ಏನು ಹೇಳುತ್ತೆ

2016ರ ಘನತ್ಯಾಜ್ಯ ನಿರ್ವಹಣಾ ನಿಯಮದ ಮಾತು ನೇರವಾಗಿತ್ತು. ಬೀದಿ, ಬಯಲು ಜಾಗ, ಚರಂಡಿ, ಕೆರೆ, ಎಲ್ಲಿಯೂ ಮನೆ ಕಸ ಎಸೆಯುವ ಹಾಗಿಲ್ಲ, ಸುಡುವ ಹಾಗಿಲ್ಲ, ಹೂಳುವ ಹಾಗಿಲ್ಲ. ಅದೇ ವರ್ಷ ಡಿಸೆಂಬರ್ 22ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಡೀ ದೇಶಕ್ಕೆ ಆದೇಶ ಕೊಟ್ಟಿತು: ಬಯಲಲ್ಲಿ ಕಸ ಸುಡುವುದು ಪೂರ್ತಿ ಬಂದ್, ಊರಾಚೆ ಕಸ ಸುರಿಯುವ ಜಾಗದಲ್ಲೂ. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ದಂಡ. "ನಮ್ಮ ಕಂಪೌಂಡ್ ಒಳಗೆ ಸುಟ್ಟರೆ ಯಾರಪ್ಪಂದೇನು" ಅನ್ನುವವರು ಈ ಆದೇಶ ಒಮ್ಮೆ ನೋಡಬೇಕು. ಹೊಗೆಗೆ ಕಂಪೌಂಡ್ ಗೋಡೆ ಗೊತ್ತಿಲ್ಲ, ಅಲ್ವಾ? ಬೆಂಕಿ ವಿಷಯದಲ್ಲಿ ಅಜಾಗರೂಕತೆ ತೋರಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಸೆಕ್ಷನ್ ಬೇರೆ ಇದೆ. ಅದರಲ್ಲಿ ಆರು ತಿಂಗಳವರೆಗೂ ಜೈಲು ಆಗಬಹುದು. ಕೂಲರ್ ಹುಲ್ಲಿಗೇ ನನ್ನ ಕಥೆ ಮುಗಿದದ್ದು ಪುಣ್ಯ.

ಮೊದಲ ಕೆಲಸ: ಬುಟ್ಟಿ ಬೇರೆ ಮಾಡುವುದು

ಜನ ಮನೆ ಕಸ ಸುಡುವುದು ಹೆಚ್ಚಾಗಿ ಅದು ಬೆರೆತು ನಾರುವಾಗ. ಅನ್ನ, ಪ್ಲಾಸ್ಟಿಕ್, ಡೈಪರ್ ಎಲ್ಲ ಒಂದೇ ಬಕೆಟ್‌ನಲ್ಲಿ ಎರಡು ದಿನ ಕೂತರೆ ನಮ್ಮ ಬಿಸಿಲಿಗೆ ಹುಳ ಬೀಳುತ್ತದೆ, ಆಮೇಲೆ ಯಾರಿಗೂ ಅದನ್ನು ಮುಟ್ಟುವ ಮನಸ್ಸಿರಲ್ಲ. 2016ರ ಹಳೆ ನಿಯಮದಲ್ಲಿ ಮೂರು ಭಾಗ ಇತ್ತು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮದಲ್ಲಿ ನಾಲ್ಕು: ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ, ಮತ್ತೆ ಜೋಪಾನ ಮಾಡಬೇಕಾದ ಕಸ, ಅಂದರೆ ಬಲ್ಬು, ಅವಧಿ ಮುಗಿದ ಔಷಧಿ, ಪೇಂಟ್ ಡಬ್ಬಿ ಇಂಥವು. ನಾಲ್ಕು ಹೊಸ ಬುಟ್ಟಿ ಕೊಳ್ಳಬೇಕಿಲ್ಲ. ಅಡುಗೆಮನೆಯಲ್ಲಿ ಮುಚ್ಚಳದ ಬಕೆಟ್ ಒಂದು, ಬಾಗಿಲ ಹಿಂದೆ ಗೋಣಿಚೀಲ ಒಂದು. ಪ್ಯಾಡ್, ಡೈಪರ್ ಆದರೆ ಹಳೆ ಪೇಪರ್‌ನಲ್ಲಿ ಸುತ್ತಿ, ಮೇಲೆ ಗುರುತು ಹಾಕಿ, ಬೇರೆಯಾಗಿ ಕೊಡಿ. ಬಲ್ಬು, ಔಷಧಿ ಒಂದು ಹಳೆ ಶೂ ಡಬ್ಬಿಯಲ್ಲಿ ಇಟ್ಟರೆ ತಿಂಗಳುಗಟ್ಟಲೆ ಸಾಕು.

ಗೋಣಿಚೀಲದ್ದು ಅರ್ಧ ಕಸವೇ ಅಲ್ಲ. ರಟ್ಟು, ಬಾಟಲಿ, ಪೇಪರ್, ತಗಡು ಎಲ್ಲ ಭಂಗಾರದವರು, ಅಂದರೆ ಗುಜರಿಯವರು, ತೂಕ ಹಾಕಿ ಒಯ್ಯುತ್ತಾರೆ. ಹಾಲಿನ ಕವರು ಮಾತ್ರ ತೊಳೆದು ಒಣಗಿಸಿ ಹಾಕಿ. ಇಲ್ಲದಿದ್ದರೆ ಎರಡೇ ದಿನಕ್ಕೆ ಇಡೀ ಚೀಲ ನಾರುತ್ತದೆ.

ಎರಡನೆಯದು: ಎಲೆ

ಇದಕ್ಕೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ನಮ್ಮ ಕಡೆ ಬೆಂಕಿ ಬೀಳುವುದೇ ಎಲೆಗೆ.

ಕೋಳಿ ಜಾಲರಿ ಹತ್ತು ಅಡಿ ತಂದು ದುಂಡಗೆ ಸುತ್ತಿ ತಂತಿಯಿಂದ ಕಟ್ಟಿ. ಮೂರಡಿ ಅಗಲದ ಪಂಜರ ಆಗುತ್ತದೆ. ನೆರಳಲ್ಲಿ ಇಡಿ. ಬಿಸಿಲಲ್ಲಿ ಇಟ್ಟರೆ ಎಲೆ ಕೊಳೆಯುವುದಿಲ್ಲ, ಹಪ್ಪಳದ ಹಾಗೆ ಒಣಗಿ ಕೂರುತ್ತದೆ, ಮೊದಲ ವರ್ಷ ನನಗೆ ಆದದ್ದು ಅದೇ. ಒಂದು ಮೊಳ ಎಲೆ, ಅದರ ಮೇಲೆ ಎರಡು ಬೊಗಸೆ ಹಸಿ ಕಸ, ಮೇಲೆ ಒಂದು ಬುಟ್ಟಿ ಮಣ್ಣು ಅಥವಾ ಸಗಣಿ ನೀರು. ಮತ್ತೆ ಎಲೆ. ಹುಳಿ ಮಜ್ಜಿಗೆ ಇದ್ದರೆ ನೀರಿಗೆ ಬೆರೆಸಿ ಚಿಮುಕಿಸಿ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ನೀರು ಬೇಕು. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆ ಆಗಬೇಕು, ಹನಿ ಬೀಳಬಾರದು. ಕುಡಿಯುವ ನೀರು ಹಾಕಬೇಡಿ, ಅಕ್ಕಿ ಬೇಳೆ ತೊಳೆದ ನೀರು ಸಾಕು. ಹತ್ತು ಹದಿನೈದು ದಿನಕ್ಕೊಮ್ಮೆ ಕೋಲಿನಿಂದ ಕೆಳಗಿನದು ಮೇಲೆ ಮಾಡಿ. ಬೇವಿನ ಎಲೆ ನಿಧಾನ, ನಾಲ್ಕೈದು ತಿಂಗಳು ಹಿಡಿಯುತ್ತದೆ. ಕರಿಬೇವಿನ ಗಿಡಕ್ಕೆ ಈ ಗೊಬ್ಬರ ಹಾಕಿ ನೋಡಿ.

ಜಾಗ ಇಲ್ಲದ ಮನೆಯವರು ಎಲೆಯನ್ನು ಚೀಲದಲ್ಲಿ ತುಂಬಿ ಬೇರೆಯಾಗಿ ಇಟ್ಟು ಗಾಡಿಯವರಿಗೇ ಹೇಳಿ ಕೊಡಬೇಕು. ಗಾಡಿ ಬರುವ ಹೊತ್ತು ಗೋಡೆ ಮೇಲೆ ಬರೆದಿಡಿ. ನಾವು ಕೊಡುವ ಆಸ್ತಿ ತೆರಿಗೆಯಲ್ಲೇ ಕಸದ ಸೆಸ್ ಸೇರಿರುತ್ತದೆ. ದುಡ್ಡು ಕೊಟ್ಟ ಮೇಲೂ ನಾವೇ ಸುಟ್ಟು ಕೆಮ್ಮುವುದು ಯಾವ ಲೆಕ್ಕ?

ಬಚ್ಚಲ ಒಲೆ, ಸೊಳ್ಳೆ ಹೊಗೆ, ಕಾಮಣ್ಣ

ಈ ಮೂರನ್ನು ಯಾರೂ ಕಸ ಸುಡುವುದು ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನೀರು ಕಾಸುವ ಒಲೆಗೆ ತೊಗರಿ ಕಟ್ಟಿಗೆ, ಕುಳ್ಳು ಹಾಕಿದರೆ ಅದು ಉರುವಲು. ಬೇಗ ಹತ್ತಲಿ ಅಂತ ಹಳೆ ಚಪ್ಪಲಿ, ಕ್ಯಾರಿಬ್ಯಾಗ್ ತುರುಕುತ್ತೇವಲ್ಲ, ತಕರಾರು ಅಲ್ಲಿ. ಪಿವಿಸಿ ಥರದ ಪ್ಲಾಸ್ಟಿಕ್ ಅರೆಬರೆ ಬೆಂಕಿಯಲ್ಲಿ ಸುಟ್ಟಾಗ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಅದು ಬೂದಿಯಲ್ಲೂ ಉಳಿಯುತ್ತದೆ, ಆ ಬೂದಿಯಲ್ಲಿ ಪಾತ್ರೆ ತಿಕ್ಕುವವರಿದ್ದಾರೆ. ಸಂಜೆ ಸೊಳ್ಳೆ ಹೋಗಲಿ ಅಂತ ಹೊಗೆ ಹಾಕುವಾಗಲೂ ಹಾಗೇ. ಒಂದು ಹಿಡಿ ಬೇವು ಅಂತ ಶುರುವಾಗಿ ಪಕ್ಕದಲ್ಲಿದ್ದ ಕಸವೆಲ್ಲ ಒಳಗೆ ಹೋಗುತ್ತದೆ. ಹೋಳಿಯಲ್ಲಿ ಕಾಮಣ್ಣನಿಗೆ ಕಟ್ಟಿಗೆ, ಕುಳ್ಳು ಸಾಕು. ಟೈರು, ಮುರಿದ ಪ್ಲಾಸ್ಟಿಕ್ ಕುರ್ಚಿ ಎಸೆಯುವ ಹುಡುಗರನ್ನು ಓಣಿಯ ಹಿರಿಯರೇ ತಡೆಯಬೇಕು, ಪೊಲೀಸರು ಬಂದು ತಡೆಯುವ ಕೆಲಸ ಅಲ್ಲ ಅದು.

ಬೀದರ್ ಕಡೆಯವರಿಗೆ ಇನ್ನೊಂದು ಮಾತು. ಚಳಿಗಾಲದ ಬೆಳಿಗ್ಗೆ ತಣ್ಣನೆ ಗಾಳಿ ನೆಲಕ್ಕೆ ಅಂಟಿ ಕೂತಿರುತ್ತದೆ, ಹೊಗೆ ಮೇಲೆ ಏಳುವುದಿಲ್ಲ. ಬಿಸಿಲು ಬರುವ ತನಕ ಓಣಿಯಲ್ಲೇ ಸುತ್ತುತ್ತದೆ. ಮೈ ಕಾಯಿಸೋಕೆ ಕಸ ಹಚ್ಚಿದರೆ ಆ ಹೊಗೆ ಒಳಮನೆಯಲ್ಲಿ ಮಲಗಿದ ಕೂಸಿಗೂ ಹೋಗುತ್ತದೆ.

ಬೇರೆಯವರು ಹಚ್ಚಿದರೆ

ಮೊದಲು ಮಾತಾಡಿ. ಬೀದಿ ಗುಡಿಸುವವರು ಎಲೆಗೆ ಬೆಂಕಿ ಇಟ್ಟಿದ್ದರೆ ಕೂಗಾಡಬೇಡಿ, ಹೊತ್ತು ಹಾಕೋಕೆ ಚೀಲ ಇಲ್ಲದೆ ಇಟ್ಟಿರುತ್ತಾರೆ. ಎರಡು ಖಾಲಿ ಗೋಣಿಚೀಲ ಕೊಟ್ಟು "ಅಕ್ಕಾ, ಬೆಂಕಿ ಬ್ಯಾಡ್ರಿ, ಇದ್ರಾಗ ತುಂಬ್ರಿ" ಅಂದರೆ ಕೆಲಸ ಆಗುತ್ತದೆ. ದಿನಾ ನಡೆಯುವ ಕಾಟ ಆದರೆ ಫೋಟೊ ತೆಗೆದು, ಜಾಗ, ಹೊತ್ತು ಬರೆದು, ನಗರದಲ್ಲಿ ಪಾಲಿಕೆ ಅಥವಾ ನಗರಸಭೆಯ ಆರೋಗ್ಯ ನಿರೀಕ್ಷಕರಿಗೆ, ಹಳ್ಳಿಯಲ್ಲಿ ಪಿಡಿಒಗೆ ಕೊಡಿ. ಕೇಂದ್ರದ ಸ್ವಚ್ಛತಾ ಆ್ಯಪ್‌ನಲ್ಲೂ ದೂರು ಹಾಕಬಹುದು. ಬಾಯಿ ಮಾತಿನ ದೂರು ಸಂಜೆಗೆ ಮರೆತು ಹೋಗುತ್ತದೆ.

ಬೆಂಕಿ ಜೋರಾಗಿದ್ದರೆ 112ಕ್ಕೆ ಫೋನ್ ಮಾಡಿ. ಸಣ್ಣದಾದರೆ ನೀರು ಸುರಿದು, ಕೋಲಿನಿಂದ ಕೆದರಿ, ಮತ್ತೆ ನೀರು ಸುರಿಯಿರಿ. ಮೇಲೆ ಆರಿದಂತೆ ಕಂಡರೂ ಎಲೆ ಒಳಗೆ ಕೆಂಡ ಗಂಟೆಗಟ್ಟಲೆ ಇರುತ್ತದೆ. ಸೆಂಟ್ ಬಾಟಲಿ, ಸೊಳ್ಳೆ ಸ್ಪ್ರೇ ಡಬ್ಬಿ ಕಂಡರೆ ಹತ್ತಿರ ಹೋಗಬೇಡಿ, ಸಿಡಿಯುತ್ತವೆ.

ಈಗ ಪಕ್ಕದ ಮನೆಯ ಅಕ್ಕಾವರು ತಮ್ಮ ಅಂಗಳದ ಎಲೆಯನ್ನೂ ನಮ್ಮ ಪಂಜರಕ್ಕೇ ತಂದು ಸುರಿಯುತ್ತಾರೆ. ಹೋದ ವಾರ ಕೂಲರ್‌ನ ಹಳೆ ಹುಲ್ಲನ್ನೂ ತಂದಿದ್ದರು. ಅದನ್ನು ಮಾತ್ರ ಗಾಡಿಗೆ ಕೊಟ್ಟೆ, ಬೋರ್ ನೀರಿನ ಉಪ್ಪು ಹಿಡಿದು ಕಲ್ಲಾಗಿತ್ತು.