ಕಾಳಿ ನದಿ ಮೀನಲ್ಲಿ ವಿಕಿರಣ ನೋಡೋದಾದ್ರೆ ಕೈಗಾಗಿಂತ ಮೇಲ್ಗಡೆ ಹರಿವಿನ ಮೀನೂ ತಗೊಳ್ಳಿ

ಕಾಳಿ ನದಿ ದಡದ ಕೈಗಾ ಅಣು ವಿದ್ಯುತ್ ಸ್ಥಾವರದ ಹತ್ರದ ಮೀನು ಟೆಸ್ಟ್ ಮಾಡ್ಬೇಕು ಅಂತ ಕೇಳೋರು ಜಾಸ್ತಿ ಆಗಿದಾರೆ, ಒಳ್ಳೇದೇ, ಆ ಮೀನು ತಿನ್ನೋರು ನಮ್ಮ ಜನಾನೇ. ಆದ್ರೆ ಆನ್‌ಲೈನಲ್ಲಿ ತರಿಸಿದ ಗೈಗರ್ ಕೌಂಟರನ್ನ (ವಿಕಿರಣ ಎಣಿಸೋ ಸಣ್ಣ ಮೀಟರ್) ಮೀನಿನ ಮೇಲೆ ಹಿಡಿದು ನಂಬರ್ ಬರ್ಕೋಬೇಡಿ. ಸ್ಥಾವರದ ಮೊದಲ ನಾಲ್ಕೂ ಯೂನಿಟ್ ಭಾರಜಲ ಬಳಸೋವು, ಆ ನೀರಲ್ಲಿ ಟ್ರಿಟಿಯಂ ಅನ್ನೋ ವಿಕಿರಣಶೀಲ ಹೈಡ್ರೋಜನ್ ಹುಟ್ಟತ್ತೆ, ಅದಕ್ಕೆ ಮುಖ್ಯವಾಗಿ ನೋಡ್ಬೇಕಾದ್ದು ಅದನ್ನೇ, ಅದರ ಬೀಟಾ ಕಣಕ್ಕೆ ಆ ಟ್ಯೂಬಿನ ಗೋಡೆ ದಾಟೋ ಶಕ್ತಿ ಇಲ್ಲ.

ಸ್ಥಾವರದ ಪಕ್ಕದ ಕದ್ರಾ ಡ್ಯಾಮಿನ ಹಿನ್ನೀರಲ್ಲಿ ಹಿಡಿದ ಮೀನು ಒಂದೇ ಇದ್ರೆ ಸಾಲಲ್ಲ. ರಿಯಾಕ್ಟರಲ್ಲೂ ಬಾಂಬಲ್ಲೂ ಹುಟ್ಟೋ ವಿಕಿರಣಶೀಲ ಸೀಸಿಯಂ-137 ಒಂಚೂರು ಸಿಕ್ತು ಅಂದ್ಕೊಳ್ಳಿ, 1950-60ರ ದಶಕದ ಬಾಂಬ್ ಪರೀಕ್ಷೆಗಳ ಉಳಿಕೆ ಇವತ್ತಿಗೂ ಮಣ್ಣಲ್ಲಿದೆ, ಯಾವುದು ಎಲ್ಲಿಂದ ಬಂತು ಅಂತ ಹೆಂಗೆ ಹೇಳ್ತೀರಿ? ಅದಕ್ಕೇ ಹೋಲಿಸೋಕೆ, ನದಿಯಲ್ಲಿ ಸ್ಥಾವರಕ್ಕಿಂತ ಮೇಲಿರೋ ಕೊಡಸಳ್ಳಿ ಡ್ಯಾಮಿನ ಮೇಲ್ಗಡೆಯಿಂದ ಅದೇ ಜಾತಿ, ಹೆಚ್ಚುಕಮ್ಮಿ ಅದೇ ಸೈಜು, ಅದೇ ತಿಂಗಳಲ್ಲಿ ತಗೊಳ್ಳಿ. ಟ್ರಿಟಿಯಂ ಗಾಳೀಲೂ ಹೋಗತ್ತೆ, ಸಾಧ್ಯ ಆದ್ರೆ ಇನ್ನೂ ದೂರ, ನದಿಯಲ್ಲಿ ಇನ್ನೂ ಮೇಲಿರೋ ಬೊಮ್ಮನಹಳ್ಳಿ ಡ್ಯಾಮಿನ ಕಡೆಯಿಂದಾನೂ ಒಂದಿರಲಿ. ನೀವೇ ಬಲೆ ಬೀಸೋಕೆ ಹೋಗ್ಬೇಡಿ, ಅಲ್ಲಿನ ಮೀನುಗಾರರ ಹತ್ರ ದುಡ್ಡು ಕೊಟ್ಟು ತಗೊಳ್ಳಿ, ಎಲ್ಲಿ ಹಿಡಿದಿದ್ದು ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲ್ಲ.

ಕುಯ್ಯೋವಾಗ ಹುಷಾರು. ಸೀಸಿಯಂ ಕೆಸರಿನ ಜೇಡಿಗೆ ಗಟ್ಟಿಯಾಗಿ ಅಂಟ್ಕೊಂಡಿರತ್ತೆ, ಕರುಳಲ್ಲಿರೋ ಕೆಸರು ಮಾಂಸಕ್ಕೆ ತಾಗಿದ್ರೆ ನೀವು ಅಳೆಯೋದು ಕೆಸರನ್ನ, ಮೀನನ್ನಲ್ಲ. ಮೊದ್ಲು ಮೈ ತೊಳೆದು ಕರುಳು ಒಡೆಯದ ಹಾಗೆ ತೆಗೀರಿ, ಚಾಕು ತೊಳ್ಕೊಂಡು ಆಮೇಲೆ ಮಾಂಸ ಬಿಡಿಸಿ. ಮೂಳೆ ಬೇರೆ ಕವರಿಗೆ, ಸ್ಟ್ರಾನ್ಷಿಯಂ-90 ಅನ್ನೋ ಇನ್ನೊಂದು ವಿಕಿರಣಶೀಲ ವಸ್ತು ಕ್ಯಾಲ್ಷಿಯಂ ತರ ಮೂಳೇಲಿ ಕೂರತ್ತೆ. ಹಸಿ ತೂಕ ಆಗ್ಲೇ ಬರ್ಕೊಳ್ಳಿ. ಒಂದು ತುಂಡು ಒಣಗಿಸದೆ ಗಾಳಿಯಾಡದ ಡಬ್ಬೀಲಿ ಹಾಕಿ ಫ್ರೀಜರಲ್ಲಿಡಿ, ಟ್ರಿಟಿಯಂ ಇರೋದೇ ಹೆಚ್ಚಾಗಿ ನೀರಿನ ರೂಪದಲ್ಲಿ, ಒಣಗಿಸಿದ್ರೆ ಹಾರಿಹೋಗತ್ತೆ. ಉಳಿದಿದ್ದನ್ನ ಲ್ಯಾಬಲ್ಲಿ ಬೂದಿ ಮಾಡ್ತಾರೆ, 450 ಡಿಗ್ರಿ ದಾಟಿಸ್ಬಾರ್ದು, ಸೀಸಿಯಮ್ಮೂ ಆವಿಯಾಗೋಕೆ ಶುರುವಾಗತ್ತೆ.

ನಮ್ಮ ಮೊದಲನೇ ಸಲದ ಸ್ಯಾಂಪಲ್ಲು ಹಾಳಾಗಿದ್ದು ಐಸ್ ಕರಗಿ. ಕವರ್ ಮೇಲಿನ ಪೆನ್ನಿನ ಬರಹ ಎಲ್ಲಾ ಅಳಿಸಿ, ಮೇಲ್ಗಡೆದು ಯಾವ್ದು ಕೆಳಗಡೆದು ಯಾವ್ದು ಗೊತ್ತಾಗದೆ ಅಷ್ಟೂ ಎಸೀಬೇಕಾಯ್ತು, ಹೊಟ್ಟೆ ಉರೀತು. ಈಗ ಚೀಟೀಲಿ ಪೆನ್ಸಿಲಲ್ಲಿ ಬರೆದು ಎರಡನೇ ಕವರ್ ಒಳಗೆ ಇಡ್ತೀವಿ.

ಸೀಸಿಯಂ ಅಳೆಯೋಕೆ ಜರ್ಮೇನಿಯಂ ಡಿಟೆಕ್ಟರ್ ಬೇಕು, ಟ್ರಿಟಿಯಮ್ಮಿಗೆ ಲಿಕ್ವಿಡ್ ಸಿಂಟಿಲೇಷನ್ ಕೌಂಟರ್, ಎರಡೂ ಲ್ಯಾಬಿನ ಯಂತ್ರಗಳು. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣಕ್ಕೇ ಅಂತ ಸಂಶೋಧನಾ ಕೇಂದ್ರ ಇದೆ, ಸ್ಯಾಂಪಲ್ ಹಿಡಿಯೋಕೆ ಮುಂಚೆನೇ ಅಂಥವರನ್ನ ಕೇಳಿ. ರಿಪೋರ್ಟಲ್ಲಿ ಪೊಟ್ಯಾಸಿಯಂ-40 ಕೆಜಿಗೆ ನೂರರ ಆಸುಪಾಸು ಬೆಕ್ಕರೆಲ್ (ವಿಕಿರಣಶೀಲತೆಯ ಅಳತೆ) ಕಂಡ್ರೆ ಗಾಬರಿ ಬೇಡ, ಅದು ಎಲ್ಲಾ ಮೀನಲ್ಲೂ ಸಹಜವಾಗಿ ಇರೋದು. ನೋಡ್ಬೇಕಾದ್ದು ಕದ್ರಾ ಮತ್ತು ಕೊಡಸಳ್ಳಿ ಮೀನಿನ ಸೀಸಿಯಂ, ಟ್ರಿಟಿಯಂ ಅಕ್ಕಪಕ್ಕ ಇಟ್ಟು, ಪ್ಲಸ್ ಮೈನಸ್ ಅಂತ ಕೊಟ್ಟಿರೋ ಅಂಕಿ, ಅಂದ್ರೆ ಅಳತೆ ಎಷ್ಟು ಆಚೀಚೆ ಇರಬಹುದು ಅನ್ನೋದನ್ನೂ ಲೆಕ್ಕಕ್ಕೆ ತಗೊಂಡು.